ಬಸ್ರಾದಲ್ಲಿ ಸತ್ತವರ ಮೂರು ಬಿಲ್ಲೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ವಠಾರದ ಅಜ್ಜಿಯ ಗಂಡನಿಗೆ ಪಿತೃಪಕ್ಷದಲ್ಲಿ ಮೂರು ಮನೆಗಳಲ್ಲಿ ಇಡುತ್ತಿದ್ದ ಎಡೆಯನ್ನು ತಪ್ಪಿಸಿದ ಮಹಾನುಭಾವ ನಾನೇ. ಸುಮ್ಮನೆ ತಪ್ಪಿಸಲಿಲ್ಲ, ಬೆವರು ಸುರಿಸಿ ಸೈಕಲ್ ತುಳಿದು ತಪ್ಪಿಸಿದೆ.

ಆಕೆಯ ಯಜಮಾನರು ಮೊದಲನೆಯ ಮಹಾಯುದ್ಧದಲ್ಲಿ ಬಸ್ರಾ ಕಡೆ ಸತ್ತವರು. ಹೆಣ ಬರಲಿಲ್ಲ, ಮೂರು ಪದಕ ಬಂದವು. ಮಕ್ಕಳಿರಲಿಲ್ಲ. ಹಾಗಾಗಿ ಅಜ್ಜಿ ಮೈದುನನ ಮೂವರು ಗಂಡುಮಕ್ಕಳಿಗೂ ಒಂದೊಂದು ಪದಕ ಕೊಟ್ಟು, ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ಅದನ್ನೂ ಕೂರಿಸಿ ಒಂದು ಎಲೆ ಹಾಕಿ ಎಂದು ಕೇಳಿಕೊಂಡಿದ್ದರು. ಇದೆಲ್ಲ ನನಗೆ ತಿಳಿದದ್ದು ಕೊನೆಗೆ.

ನನಗೆ ಹಳೆಯ ನಾಣ್ಯ, ಬಿಲ್ಲೆ ಕೂಡಿಡುವ ಹುಚ್ಚು. ಅದರ ಜೊತೆಗೆ ಕಂಡವರ ದನಿಯನ್ನೆಲ್ಲ ಅಣಕಿಸುವ ಚಾಳಿ. ಯಲಹಂಕ ಸ್ಟೇಷನ್ನಿನ ಟಿಕೆಟ್ ಗುಮಾಸ್ತನ ಹಾಗೆ ಮೂಗಿನಲ್ಲಿ ಮಾತಾಡುತ್ತಿದ್ದೆ. ಯಾರೂ ಸಿಗದಿದ್ದರೆ ಹುಡುಗಿಯರ ಮುಂದೆ ತೊದಲುವ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ.

ಚೀನಾ ಯುದ್ಧ ಮುಗಿದು, ಊರಿಗೆಲ್ಲ ಸಿಪಾಯಿಗಳ ಮೇಲೆ ಪ್ರೀತಿ ಉಕ್ಕಿದ್ದ ಕಾಲ. ನಾಣ್ಯ ಹುಡುಕುತ್ತ ಹೋದವನಿಗೆ ಶೆಟ್ಟಿಹಳ್ಳಿಯ ಒಂದು ಮನೆಯಲ್ಲಿ ಬೆಳ್ಳಿಯ ಪದಕ ಸಿಕ್ಕಿತು. ಅಂಚಿನಲ್ಲಿ ಹೆಸರು, ನಂಬರು. "ನಮ್ ದೊಡ್ಡಪ್ಪಂದು. ನಿಮ್ ವಠಾರದಾಗೆ ಅವ್ರಲ್ಲಾ ದೊಡ್ಡಮ್ಮ, ಅವ್ರ ಯಜಮಾನ್ರು. ಇನ್ನೆರಡು ಅಣ್ಣತಮ್ಮದೀರ ಮನೇಲವೆ," ಎಂದರು. ಅಟ್ಟೂರಿನಲ್ಲಿ ನಕ್ಷತ್ರದ ಆಕಾರದ್ದು ಸಿಕ್ಕಿತು. ದಾಸರಹಳ್ಳಿಯಲ್ಲಿ ಸಿಕ್ಕ ಹಳದಿ ಬಿಲ್ಲೆಯ ಮೇಲೆ ರೆಕ್ಕೆಯ ಹೆಂಗಸೊಬ್ಬಳಿದ್ದಳು. ಆಕೆಯ ಮುಖದ ತುಂಬ ಕುಂಕುಮ ಮೆತ್ತಿತ್ತು. ಯಾಕೆ ಎಂದು ಕೇಳುವ ಬುದ್ಧಿ ಬರಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೆ.

ಮೂರನ್ನೂ ಹಲಗೆಯ ಮೇಲೆ ಕೆಂಪು ಮಖಮಲ್ಲಿಗೆ ಹೊಲಿದು, ಹಪ್ಪಳ ಲಟ್ಟಿಸುತ್ತಿದ್ದ ಅಜ್ಜಿಯ ಮುಂದಿಟ್ಟೆ. ಆಕೆ ಕೈ ಒರೆಸಿಕೊಂಡು ಒಂದೊಂದನ್ನೇ ಹೆಬ್ಬೆರಳಿನಲ್ಲಿ ಸವರಿದರು.

"ಇವು ಇಲ್ಲಿಗ್ಯಾಕೆ ಬಂದ್ವಪ್ಪ? ಅವ್ರಾಗೇ ಕೊಟ್ರಾ?"

"ಕೇಳಿದ ತಕ್ಷಣ ಕೊಟ್ರು ಅಜ್ಜಿ," ಎಂದು ನಾಟಕ ಶುರುಮಾಡಿದೆ. ಮೊದಲು ಶೆಟ್ಟಿಹಳ್ಳಿಯವರ ಬೀಡಿ ಕೆಮ್ಮು: "ಯಾವ್ದೋ ಹಳೇ ಬಿಲ್ಲೆ, ತಗೊಂಡೋಗಿ ಸಾಮಿ."

"ಥೇಟ್ ಅವನೇ ಕಣೋ," ಎಂದು ಅಜ್ಜಿ ನಕ್ಕರು.

ನಾನು ಉಬ್ಬಿಹೋದೆ. ಅಟ್ಟೂರಿನವರ ಆಕಳಿಕೆ: "ಇರಿ, ಐಕ್ಳು ಎಲ್ಲೋ ಬಿಸಾಕವೆ." ಕೊನೆಗೆ ಸೊಂಟಕ್ಕೆ ಕೈ ಕೊಟ್ಟುಕೊಂಡು ದಾಸರಹಳ್ಳಿಯ ಸೊಸೆಯಾದೆ: "ಸದ್ಯ, ಈ ಸಲ ಒಂದ್ ಎಲೆ ಕಮ್ಮಿ ಆಯ್ತು."

ಅಜ್ಜಿ ನಗಲಿಲ್ಲ. ಸೆರಗಿನ ತುದಿಯನ್ನು ಹಲಗೆಯ ಮೇಲೆ ಮುಚ್ಚಿದರು. ನನ್ನನ್ನು ನೋಡದೆ ಎಡೆಯ ವಿಷಯ ಹೇಳಿದರು. ಆ ಸೊಸೆಯ ಮಾತು ನನಗೆ ಅರ್ಥವಾದದ್ದು ಆಗ. ಸೊಂಟದ ಮೇಲಿನ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಅಮಾವಾಸ್ಯೆಗೆ ಇನ್ನೂ ಟೈಮ್ ಇದೆ ಅಜ್ಜಿ. ನಾಳೆನೇ ಮೂರು ಮನೆಗೂ ವಾಪಸ್ ಕೊಟ್ಟು, ಕೈಮುಗಿದು ಹೇಳಿ ಬರ್ತೀನಿ."

ಅಜ್ಜಿ ಲಟ್ಟಣಿಗೆ ಕೈಗೆತ್ತಿಕೊಂಡರು.

"ಬ್ಯಾಡ ಕಣಪ್ಪ. ಅಂಗೆ ಅಂದ ಮನೇಲಿ ನಾನೇ ನಿಂತು ಬಡ್ಸಿದ್ರೂ ಅವ್ರು ಉಣ್ಣಾಕಿಲ್ಲ."