ಮಡಚುವ ಹೊದಿಕೆಗೊಂದು ವಿಚಾರಣೆ

ಹೋದ ತಿಂಗಳು ಹುನಗುಂದದಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ, ನಾನು ಒಂದು ಪಿಕಪ್ ಗಾಡಿಯ ಹಿಂಭಾಗದಲ್ಲಿ ಅಂಗಾತ ಮಲಗಿದ್ದೆ. ಮೇಲೆ ಹೊದಿಕೆ. ಎದೆಯ ಮೇಲೆ ಗುಲಾಬಿ ಬಣ್ಣದ ಬ್ಲಾಟಿಂಗ್ ಪೇಪರ್. ಆ ಹಿಂಭಾಗಕ್ಕಿಂತ ನಾನು ಒಂದು ಗೇಣು ಉದ್ದ. ಹೀಗಾಗಿ ಎರಡು ಪಾದಗಳು ಮಾತ್ರ ಹೊರಗೆ.

ಮೇಲಿಂದ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು.

ಇಂಥದ್ದನ್ನು ಕಂಡ ದಾರಿಹೋಕರು ಏನೆಂದು ತಿಳಿಯಬೇಕು? ಸಂತೆಗೆ ಬಂದ ಇಬ್ಬರು ಗಾಡಿಯ ಹತ್ತಿರ ನಿಂತರು. ಅವರ ಮುಖ ನನಗೆ ಕಾಣಲಿಲ್ಲ (ನಾನು ಆಗ ನೋಡುವ ಸ್ಥಿತಿಯಲ್ಲಿರಲಿಲ್ಲ). ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

“ಯಾರ್ ಹೋದ್ರೋ ಏನೋ, ಪಾಪ.”

“ನಮ್ಮ ಪೈಕಿ ಅಲ್ಲ ಬಿಡು.”

“ಹೆಂಗ ಹೇಳ್ತಿ?”

“ನಮ್ಮವರಾಗಿದ್ರ ಕುಂದರಿಸಿ ಒಯ್ತಿದ್ರು. ಇಲ್ಲಿ ಮಲಗಿಸ್ಯಾರ ನೋಡು.”

ನಾನು ಅವರ ಪೈಕಿಯವನೇ. ಆದರೆ ಆಕ್ಷೇಪಣೆ ಎತ್ತುವ ಹಾಗಿರಲಿಲ್ಲ. ಅಷ್ಟರಲ್ಲಿ ಒಂದು ನೊಣ ನನ್ನ ಕಾಲಿನ ಮೇಲೆ ಕುಳಿತು ಪರಿಸ್ಥಿತಿಯನ್ನು ಕೆಡಿಸಿತು.

“ಲೇ, ಹೆಬ್ಬಟ್ಟ ಅಳ್ಳಾಡಿತು.”

ಆಗ ನನ್ನ ಕಾಕಾನ ದನಿ ಕೇಳಿತು. “ಸಾಕ್ಷಿದಾರನ ಹತ್ರ ಯಾರೂ ನಿಲ್ಲಬ್ಯಾಡ್ರಿ. ವಿಚಾರಣೆ ನಡದೈತಿ.”

ಓದುಗರೇ, ಈ ಅಂಕಣಕ್ಕಾಗಿ ನಾನು ಏನೆಲ್ಲ ಮಾಡುತ್ತೇನೆ ಎಂದು ನೀವು ಮರುಗುವುದು ಬೇಡ. ಇದು ಅಂಕಣಕ್ಕಾಗಿ ಮಾಡಿದ್ದಲ್ಲ, ಹೆಂಡತಿಯ ತಮ್ಮನಿಗಾಗಿ ಮಾಡಿದ್ದು. ಅವನ ಹೆಸರು ಈರಣ್ಣ. ಊರು ಇಳಕಲ್ಲು. ಅವನ ಬಳಿ ಒಂದು ಪಿಕಪ್ ಗಾಡಿ ಇದೆ. ಅವನಿಗಿಂತ ಮೊದಲು ಇಬ್ಬರು ಅದನ್ನು ಕೊಂಡು ಬುದ್ಧಿ ಕಲಿತಿದ್ದರು. ವಾರಕ್ಕೊಮ್ಮೆ ನೇಕಾರರ ಮನೆಮನೆಗೆ ಹೋಗಿ ಸೀರೆಯ ಗಂಟು ಹಾಕಿಕೊಂಡು ಬಾಗಲಕೋಟೆಯ ಒಂದು ದೊಡ್ಡ ಅರಿವೆ ಅಂಗಡಿಗೆ ಮುಟ್ಟಿಸುವುದು ಈರಣ್ಣನ ಕೆಲಸ. ಆ ಗಾಡಿಗೆ ಇರುವುದು ಅದೊಂದೇ ಕೆಲಸ.

ಜೂನಿನಲ್ಲಿ ಮಿರಗದ ಮಳೆ ಶುರುವಾದ ವಾರ ಅಮೀನಗಡ ದಾಟುತ್ತಿದ್ದಂತೆ ಈರಣ್ಣನ ಗಾಡಿ ಮಳೆಗೆ ಸಿಕ್ಕಿತು. ಗಂಟುಗಳ ಮೇಲೆ ಹೊದಿಸಿದ್ದು ಶೇಂಗಾ ಚೀಲ. ಬಾಗಲಕೋಟೆಯಲ್ಲಿ ಬಿಚ್ಚಿ ನೋಡಿದರೆ ಸೆರಗಿನ ಕೆಂಪು ಬಣ್ಣ ಸೀರೆಯ ಒಡಲಲ್ಲೆಲ್ಲ ಓಡಾಡಿ ಬಂದಿತ್ತು. ಅಂಗಡಿಯ ಸಾಹುಕಾರರು ದನಿ ಏರಿಸದ ಮನುಷ್ಯ. (ಇಂಥವರಿಗೇ ನಾನು ಹೆಚ್ಚು ಹೆದರುವುದು.) ಅವರು ಇಷ್ಟೇ ಹೇಳಿದರಂತೆ:

“ಈರಣ್ಣಾರ, ಒಂದ್ಸಲ ಆತು. ಇನ್ನೊಮ್ಮೆ ಬಣ್ಣ ಬಿಟ್ಟ ಸೀರಿ ಇಳಿಸಿದ್ರ ನಾ ಬ್ಯಾರೆ ಗಾಡಿ ನೋಡ್ಕೊಂತೇನಿ.”

ಮರುದಿನ ಈರಣ್ಣ ನಮ್ಮ ಮನೆಯಲ್ಲಿದ್ದ. ಜೊತೆಗೆ ಅವನ ಹೆಂಡತಿ ಗೌರವ್ವ.

“ಮಾವಾರ, ಗಾಡಿಗೊಂದು ಹೊದಿಕಿ ಬೇಕ್ರಿ. ಮಡಚಾಕ ಬರೂವಂಥಾದ್ದು.”

“ಹಗ್ಗದಿಂದ ಕಟ್ಟಿದ್ರ ಆಗೂದಿಲ್ಲೇನು?”

“ಹತ್ತು ಮನಿ ಮುಂದ ನಿಲ್ಲಿಸ್ತೇನ್ರಿ. ಮನಿಗೊಮ್ಮೆ ಹದಿನಾರು ಗಂಟು ಬಿಚ್ಚಿ, ಹದಿನಾರು ಗಂಟು ಕಟ್ಟಿದ್ರ ಇಳಕಲ್ಲ ಬಿಡೂದ್ರಾಗ ಸಂಜಿ ಆಗತೈತಿ.”

ಗೌರವ್ವ ನಡುವೆ ಬಾಯಿ ಹಾಕಿದಳು. “ನೇಕಾರ್ರೆಲ್ಲಾ ನೂಲಿಗೆ ಬಣ್ಣ ಹಾಕೋರನ್ನ ಬದಲಿ ಮಾಡಾಕ ಹತ್ಯಾರ್ರಿ. ಇನ್ನ ತೊಯ್ದ್ರೂ ಬಣ್ಣ ಬಿಡಂಗಿಲ್ಲ.”

“ಸಾಹುಕಾರ ನಂಬಬೇಕಲ್ಲ?” ಎಂದ ಈರಣ್ಣ. ಎಲ್ಲರೂ ಮತ್ತೆ ಹೊದಿಕೆಗೆ ಬಂದೆವು.

ಅದು ಸಹಜವೇ. ನಾವು ಹೊದಿಕೆಯ ಜನ. ರೇಡಿಯೋಗೆ ಕಸೂತಿ ಹಾಕಿದ ಕವರು. ಟ್ರಂಕಿಗೆ ಕವರು. ಸೈಕಲ್ ಸೀಟಿಗೆ ಕವರು. ನನ್ನ ಗೆಳೆಯನೊಬ್ಬ ಹೊಸ ಕುರ್ಚಿ ತಂದು ಅದರ ಪ್ಲಾಸ್ಟಿಕ್ ಬಿಚ್ಚದೆ ನಾಲ್ಕು ಬೇಸಿಗೆ ಅದರ ಮೇಲೇ ಬೆವರಿದ. ವಸ್ತು ಗಟ್ಟಿಯಿದೆಯೋ ಇಲ್ಲವೋ, ಮೇಲಿನದು ಗಟ್ಟಿಯಿರಬೇಕು. ಹೌದಲ್ಲವೇ?

ಕೊಡೆ ಆರಿಸಲು ಹೋಗಿ ಹೆಂಡತಿಯಿಂದ ಬೈಸಿಕೊಳ್ಳುವ ಮನುಷ್ಯ ನಾನು. ಗಾಡಿಯ ಹೊದಿಕೆ ಹೇಗೆ ಆರಿಸಲಿ? ಹುನಗುಂದದ ಕಾಕಾನ ಬಳಿ ಹೋದೆವು. ನನ್ನ ತಂದೆಯ ತಮ್ಮ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಫೈಲು ಕಟ್ಟಿದರು, ಸಾಕ್ಷ್ಯಕ್ಕೆ ಬಂದ ವಸ್ತುಗಳಿಗೆ ‘ನಿಶಾನಿ’ ಎಂದು ನಂಬರು ಹಚ್ಚಿದರು, ಇನ್ನೊಬ್ಬರು ತೀರ್ಪು ಓದುವುದನ್ನು ಕೆಳಗೆ ಕುಳಿತು ಕೇಳಿದರು. ತಾವೇ ತೀರ್ಪು ಕೊಡುವ ಯೋಗ ಬಂದದ್ದು ಇದೇ ಮೊದಲು. ಕಾಕಾ ಎದ್ದು ಒಂದು ಹೊಸ ಫೈಲು ತೆರೆದು ಮೇಲೆ ದುಂಡಗೆ ಬರೆದರು: ‘ಈರಣ್ಣ ವಿರುದ್ಧ ಮಳೆ.’

ಕಣದಲ್ಲಿ ಮೂರು ಹೊದಿಕೆಗಳಿದ್ದವು.

ಬಾಗಲಕೋಟೆಯಿಂದ ಬಂದದ್ದು ತಾಡಪತ್ರಿ. ಮಾರುವವನು “ನಾಲ್ಕು ಮಡಿಕಿ ಮಡಚಬಹುದ್ರಿ” ಎಂದ. ನಿಜ. ಮಡಿಕೆಗೆ ಒಬ್ಬರಂತೆ ನಾಲ್ಕು ಜನ ಬೇಕು. ಜೊತೆಗೆ ಅದರ ಡಾಂಬರಿನ ವಾಸನೆ. ಅದರ ಕೆಳಗಿನಿಂದ ಬಂದ ಸೀರೆ ಉಟ್ಟರೆ ಮದುಮಗಳನ್ನು ಹೊಸ ರಸ್ತೆ ಎಂದು ತಿಳಿಯಬೇಕು.

ಇಳಕಲ್ಲಿನ ಟ್ರಂಕು ಮಾಡುವವರು ತಗಡಿನದು ತಂದರು. ಎರಡು ಬಾಗಿಲು, ನಡುವೆ ಬಿಜಾಗರಿ. ಅದನ್ನು ಮೊದಲ ಸಲ ತೆರೆದಾಗ ಆದ ಸದ್ದಿಗೆ ಓಣಿಯ ಒಂದು ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಬಿಸಿಲಿಗೆ ಕಾದ ತಗಡನ್ನು ಮುಟ್ಟಿ ನೋಡಿದ ಗೌರವ್ವ, “ಹಿಟ್ಟ ತಂದಿದ್ರ ಇಲ್ಲೇ ರೊಟ್ಟಿ ಬಡೀಬಹುದಿತ್ತು” ಎಂದಳು.

ಮೂರನೆಯದು ಬಾದಾಮಿಯದು. ಅಲ್ಲಿ ಸ್ಟೇಶನ್ನಿಗೆ ಓಡಾಡುವ ಟಾಂಗಾಗಳಿಗೆ ಹುಡ್ ಹೊಲಿಯುವ ಹಸನ್‌ಸಾಬರು ಕಬ್ಬಿಣದ ಕಮಾನು ಬಾಗಿಸಿ, ಮೇಣ ಹಚ್ಚಿದ ಎರಡು ಪದರಿನ ಕ್ಯಾನ್ವಾಸು ಹೊಲಿದುಕೊಟ್ಟಿದ್ದರು. ಒಂದು ಕೈಯಿಂದ ಎಳೆದರೆ ಹಾರ್ಮೋನಿಯಮ್ಮಿನ ಹಾಗೆ ಮಡಚಿಕೊಳ್ಳುತ್ತಿತ್ತು. ಅಳತೆ ತೆಗೆಯುವಾಗ ಅವರು ಗಾಡಿಯ ಸುತ್ತ ಎರಡು ಸಲ ತಿರುಗಿ, ಮುಂದೆ ನಿಂತು, “ಕುದುರಿ ಎಲ್ಲಿ ಕಟ್ತೀರಿ?” ಎಂದು ಕೇಳಿದ್ದರು. ಕುದುರೆ ಇಲ್ಲ, ಎಂಜಿನ್ನು ಎಂದಾಗ ಅವರಿಗೆ ಈರಣ್ಣನ ಬಗ್ಗೆ ಮರುಕವಾಯಿತು.

ನೋಡಿದ ಕೂಡಲೇ ಯಾವುದು ಸರಿ ಎಂದು ಯಾರಿಗಾದರೂ ತಿಳಿಯುವಂತಿತ್ತು. ಆದರೆ ಕೂಡಲೇ ತಿಳಿದದ್ದನ್ನು ಕೋರ್ಟು ಒಪ್ಪುತ್ತದೆಯೇ?

ವಿಚಾರಣೆಯ ಮೊದಲ ತಾರೀಖಿಗೆ ತಾಡಪತ್ರಿಯವನು ಗೈರುಹಾಜರು. ಮುಂದೂಡಿದರು. ಎರಡನೆಯ ತಾರೀಖಿಗೆ ಈರಣ್ಣನೇ ಬರಲಿಲ್ಲ, ಗಾಡಿ ಕೆಟ್ಟಿತ್ತು. ಮುಂದೂಡಿದರು. ಮೂರನೆಯದಕ್ಕೆ ಎಲ್ಲರೂ ಹಾಜರು, ಕಾಕಾಗೆ ಜ್ವರ. ಕಂಬಳಿಯೊಳಗಿನಿಂದಲೇ ಮುಂದೂಡಿದರು. ಅಷ್ಟು ದಿನವೂ ಈರಣ್ಣ ಮುಗಿಲು ನೋಡಿಕೊಂಡೇ ಗಾಡಿ ಹೊಡೆದ. ಮೋಡ ಕಂಡರೆ ಗಾಡಿ ಮನೆಯಲ್ಲಿ. ಸಾಹುಕಾರರಿಂದ ಎರಡು ಸಲ ಹೇಳಿಕೆ ಬಂತು: ಗಂಟು ಯಾವಾಗ?

“ಕಾಕಾ, ಬಾದಾಮಿದು ಚಲೋ ಐತಲ್ಲ. ಮುಗಿಸಿಬಿಡೂಣು,” ಎಂದೆ.

ಕಾಕಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ನೀ ಪೇಪರಿನ್ಯಾಗ ಬರಿಯಾಂವ. ಸಾಕ್ಷಿ ಇಲ್ಲದ ಮಾತು ನಿನಗ ನಡೀತೈತಿ. ಇಲ್ಲಿ ನಡಿಯೂದಿಲ್ಲ.”

ನಾನು ಗಾಡಿಯಲ್ಲಿ ಮಲಗಿದ್ದು ಹೀಗೆ. ಒಂದೊಂದು ಹೊದಿಕೆಗೂ ಇಪ್ಪತ್ತು ಕೊಡ ನೀರು. ಹನಿ ಬಿದ್ದರೆ ತಿಳಿಯಲಿ ಎಂದು ಕಾಕಾ ನೌಕರಿಯ ಕಾಲದ ಬ್ಲಾಟಿಂಗ್ ಪೇಪರ್ ಹೊರತೆಗೆದರು. ಕಾಗದ ಸಾಕಲ್ಲ, ನಾನೇಕೆ ಎಂದು ಕೇಳಿದ್ದಕ್ಕೆ, “ಕಾಗದಕ್ಕ ಬಾಯಿ ಇಲ್ಲ. ಒಳಗ ಕಣ್ಣಾರೆ ನೋಡಿದಾಂವ ಒಬ್ಬ ಬೇಕು” ಎಂದರು. ತಾಡಪತ್ರಿಯ ಕೆಳಗೆ ನೀರು ಬರಲಿಲ್ಲ, ಗಾಳಿಯೂ ಬರಲಿಲ್ಲ. ತಗಡಿನ ಬಿಜಾಗರಿಯ ಸಂದಿನಿಂದ ನೀರು ನೇರ ನನ್ನ ಮೂಗಿಗೇ ಇಳಿಯಿತು. ಹಸನ್‌ಸಾಬರ ಹುಡ್ಡಿನ ಕೆಳಗೆ ನಾನು ಹತ್ತು ನಿಮಿಷ ಒಣ ಕಡ್ಡಿಯ ಹಾಗೆ ಇದ್ದೆ (ಆ ಇಬ್ಬರು ಸಂತೆಯವರು ನನ್ನನ್ನು ಕಳಿಸಿಕೊಟ್ಟದ್ದು ಆಗಲೇ). ಕಾಕಾ ಭೂತಗನ್ನಡಿ ಹಿಡಿದು ಬ್ಲಾಟಿಂಗ್ ಪೇಪರ್ ಪರಿಶೀಲಿಸಿ, ಎರಡು ಪುಟದ ತೀರ್ಪು ಬರೆದು, ಎದ್ದು ನಿಂತು ಓದಿದರು. ಬಾದಾಮಿಯ ಹುಡ್ ಮಂಜೂರು.

ಈರಣ್ಣ ಕಾಕಾನ ಕಾಲು ಮುಟ್ಟಿದ. ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಶ್ರಾವಣದ ಮದುವೆಗಳಿಗೆಂದು ಸಾಹುಕಾರರು ಗಂಟು ತರಿಸಿದ ದಿನ ನಾನೂ ಗಾಡಿ ಹತ್ತಿದೆ. ಇಳಕಲ್ಲಿನಲ್ಲಿ ಹತ್ತು ಮನೆ ತಿರುಗಿ ಗಂಟು ತುಂಬಿದೆವು. ಹುಡ್ ಹತ್ತು ಸಲ ಮಡಚಿತು, ಹತ್ತು ಸಲ ಬಿಚ್ಚಿತು, ಒಮ್ಮೆಯೂ ಮೊಂಡುತನ ಮಾಡಲಿಲ್ಲ. ಹುನಗುಂದದಲ್ಲಿ ಕಾಕಾ ಸಿದ್ಧರಾಗಿ ನಿಂತಿದ್ದರು. ತೀರ್ಪು ಜಾರಿಯಾಗುವುದನ್ನು ಖುದ್ದು ನೋಡಬೇಕಂತೆ. “ಐದು ನಿಮಿಷ ಕೆಲಸ ಐತಿ. ನೀವು ಚಾ ಕುಡೀರಿ” ಎಂದು ಗಾಡಿಯ ಹಿಂದೆ ಹೋದರು.

ಚಹಾ ಮುಗಿಸಿ ಬಂದು ನೋಡಿದರೆ ಹುಡ್ಡಿನ ನಡುನೆತ್ತಿಯ ಮೇಲೆ ಒಂದು ಚೀಟಿ: ‘ನಿಶಾನಿ ೩. ಮಂಜೂರು.’ ಅದನ್ನು ಫೈಲು ಕಟ್ಟುವ ಒಂದು ಬಿಳಿ ನೂಲಿನ ಲಾಡಿಯಿಂದ ಕಟ್ಟಿದ್ದರು. ಲಾಡಿ ಒಂದು ತೂತಿನಿಂದ ಒಳಗೆ ಹೋಗಿತ್ತು. ಕಾಕಾನ ಕೈಯಲ್ಲಿ ಫೈಲು ಚುಚ್ಚುವ ದಬ್ಬಣ ಇತ್ತು.

“ಕಾಕಾ, ತೂತು ಹಾಕೀರಲ್ಲ?”

“ತೂತು ಹಾಕದ ಹೆಂಗ ಕಟ್ಟಬೇಕು?” ಇಷ್ಟೂ ತಿಳಿಯದವನು ಬಿ.ಎ. ಹೇಗೆ ಪಾಸಾದ ಎಂಬಂತೆ ಅವರು ನನ್ನನ್ನು ನೋಡಿದರು. “ಮೂವತ್ತು ವರ್ಷ ಕಟ್ಟೇನಿ. ಒಂದು ಕಾಗದ ಉದರಿಲ್ಲ.”

ಈರಣ್ಣ ತೂತು ನೋಡಿದ. ಮುಗಿಲು ನೋಡಿದ. ಮುಗಿಲು ಸ್ವಚ್ಛವಾಗಿತ್ತು. ಹೊರಟೆವು.

ಅಮೀನಗಡದ ಹತ್ತಿರ ಮಳೆ ಬಂತು. ಸಣ್ಣದಲ್ಲ. ಈರಣ್ಣ ಗಾಡಿ ನಿಲ್ಲಿಸಿ, ಹಿಂದೆ ಹೋಗಿ, ಹುಡ್ಡಿನೊಳಗೆ ತಲೆ ಹಾಕಿದ. ನಾನೂ ಹಾಕಿದೆ. ಎಲ್ಲ ಒಣಗಿತ್ತು, ಲಾಡಿಯ ಹೊರತು. ಅದು ಮೇಲೆ ನೀರು ಕುಡಿದು ಕೆಳಗೆ ಒಂದೊಂದೇ ಹನಿಯಾಗಿ, ತಪ್ಪದೆ, ಮೇಲಿನ ಗಂಟಿನ ಮೇಲೆ ಜಮಾ ಮಾಡುತ್ತಿತ್ತು.

ಈರಣ್ಣ ಕೂಗಾಡಲಿಲ್ಲ. ಲಾಡಿ ಕಿತ್ತು ಕಾಕಾನ ಕೈಯಲ್ಲಿಟ್ಟು, “ಕಾಕಾರ, ನಿಮ್ಮ ಲಾಡಿ ಭಾಳ ನಿಯತ್ತಿಂದ ಕೆಲಸ ಮಾಡೇತ್ರಿ” ಎಂದ. ಆಮೇಲೆ ಎದುರಿನ ಅಂಗಡಿಯಿಂದ ಒಂದು ಮುದ್ದೆ ಕರದಂಟು ತಂದು ಆ ತೂತಿಗೆ ಮೆತ್ತಿದ. (ಅದರಲ್ಲಿನ ಅಂಟು ಹಲ್ಲಿಗಷ್ಟೇ ಅಲ್ಲ, ಹುಡ್ಡಿಗೂ ಹಿಡಿಯುತ್ತದೆ.) ಅಲ್ಲಿಂದ ಬಾಗಲಕೋಟೆಯವರೆಗೆ ಕಾಕಾ ಆ ಒದ್ದೆ ಲಾಡಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಬಂದರು.

ಅಂಗಡಿಯಲ್ಲಿ ಗಂಟುಗಳು ಬಿಚ್ಚಿಕೊಂಡವು. ಒಣ. ಒಣ. ಒಣ. ಕೊನೆಗೆ ಆ ಗಂಟು. ಮೇಲಿನ ಸೀರೆಯ ಸೆರಗಿನಲ್ಲಿ ಅಂಗೈ ಅಗಲ ಒದ್ದೆ. ಸಾಹುಕಾರರು ಅದರ ಮೇಲೆ ಕೈಯಿಟ್ಟರು. ಈರಣ್ಣ ಬಾಗಿಲ ಹೊರಗೆ ನಿಂತ ತನ್ನ ಗಾಡಿಯನ್ನು ಕೊನೆಯ ಸಲ ಎಂಬಂತೆ ನೋಡಿದ.

ಕಾಕಾ ಎದ್ದು ನಿಂತರು. “ಸಾಹುಕಾರ್ರ, ತೂತು ನಾ ಹಾಕಿದ್ದು. ಹುಡುಗನ ತಪ್ಪಿಲ್ಲ. ಬೇಕಾದ್ರ ಬರಕೊಡ್ತೇನಿ.”

ಸಾಹುಕಾರರು ಅವರತ್ತ ನೋಡಲೇ ಇಲ್ಲ. ಒದ್ದೆ ಸೆರಗನ್ನು ತಮ್ಮ ಬಿಳಿ ಧೋತರದ ಅಂಚಿಗೆ ಒತ್ತಿ ತಿಕ್ಕಿದರು. ಧೋತರ ನೋಡಿದರು. ಬಿಳಿ. ಸೆರಗನ್ನು ಹಿಂಡಿ ಮತ್ತೆ ತಿಕ್ಕಿದರು. ಬಿಳಿ.

ಮಗಳ ಮದುವೆಗೆ ಸೀರೆ ಆರಿಸುತ್ತ ಕುಳಿತಿದ್ದ ತುಳಸಿಗೇರಿಯ ಹೆಣ್ಣುಮಗಳೊಬ್ಬಳು ಸರಿದು ಬಂದು ತಾನೂ ಬೆರಳಲ್ಲಿ ತಿಕ್ಕಿ ನೋಡಿದಳು. “ಇದನ್ನ ಕೊಡ್ರಿ ನನಗ. ಉಳದವು ಬಣ್ಣ ಬಿಡಂಗಿಲ್ಲ ಅನ್ನೂದು ನಿಮ್ಮ ಬಾಯಿ ಮಾತು. ಇದು ಕಣ್ಣಾರೆ ನೋಡಿದ್ದು.”

ಹಿಂದೆಯೇ ಇನ್ನಿಬ್ಬರು, ತಮಗೂ ಅಂಥದೇ ಒದ್ದೆಯಾದದ್ದು ಬೇಕೆಂದರು. ಸಾಹುಕಾರರು ಈರಣ್ಣನನ್ನು ಹತ್ತಿರ ಕರೆದರು. ಎಂದಿನಂತೆ ದನಿ ಏರಿಸದೆ ಹೇಳಿದರು:

“ಈರಣ್ಣಾರ, ಮುಂದಿನ ವಾರದಿಂದ ಗಂಟಿಗೊಂದು ಸೀರಿ ಹಿಂಗ ತರ್ರಿ.”

“ಹಿಂಗ ಅಂದ್ರ ಹೆಂಗ್ರಿ?”

“ತೊಯಿಸ್ಕೊಂಡು.”

ಈಗ ಮಳೆ ಬಂದರೆ ಚಿಂತೆಯಿಲ್ಲ. ಮಳೆ ಬಾರದ ವಾರ ಈರಣ್ಣ ಅಮೀನಗಡದ ಆಚೆ ಒಂದು ಬಾವಿಯ ಹತ್ತಿರ ಗಾಡಿ ನಿಲ್ಲಿಸುತ್ತಾನೆ. ಹುಡ್ಡಿನ ನೆತ್ತಿಯ ಕರದಂಟು ತೆಗೆದು, ಒಂದೊಂದೇ ಗಂಟನ್ನು ತೂತಿನ ಕೆಳಗೆ ಸರಿಸಿ, ಅಳತೆ ತಪ್ಪದಂತೆ ನೀರು ಹನಿಸಿಕೊಂಡು ಮುಂದೆ ಹೋಗುತ್ತಾನೆ. ಕಾಕಾ ಇದನ್ನು ಕೇಳಿದ ಮೇಲೆ ತಮ್ಮ ತೀರ್ಪನ್ನು ಎಲ್ಲರಿಗೂ ಓದಿ ಹೇಳುವುದು ಹೆಚ್ಚಾಗಿದೆ.

ನನ್ನ ಸಂದೇಹ ಒಂದೇ: ಆ ಹೊದಿಕೆಯಲ್ಲಿ ಈಗ ಎಲ್ಲರಿಗೂ ಬೇಕಾಗಿರುವುದು ತೂತು ಮಾತ್ರ ಎಂದಾದರೆ, ಎರಡು ತಿಂಗಳು ಕಳೆದು, ಅರವತ್ತು ಕೊಡ ನೀರು ಸುರಿದು ನಾವು ಆರಿಸಿದ್ದು ಏನನ್ನು?