ಹಿಮದ ನಾಡಿಗೆ ಮುನ್ನ ಮಣ್ಣು ಕೇಳಲು ಹೋದದ್ದು

ಶುಕ್ರವಾರ ಬೆಳಿಗ್ಗೆ ಮೈಸೂರಿನಲ್ಲಿ ಯಳಂದೂರಿನ ಬಸ್ಸು ಹತ್ತಿದಾಗ ಜಿಟಿಜಿಟಿ ಮಳೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಹೆಂಗಸರಿಗೆ ಈಗ ಸರ್ಕಾರಿ ಬಸ್ಸು ಪುಕ್ಕಟೆ. ಪಕ್ಕದಲ್ಲಿ ಮೂಗೂರಿಗೆ ಹೊರಟಿದ್ದ ಹೆಂಗಸೊಬ್ಬಳು ಎಲೆಅಡಿಕೆ ಮೆಲ್ಲುತ್ತ, “ಎಲ್ಲಿಗವ್ವಾ ಒಬ್ಳೇ?” ಅಂದಳು. ಗಂಡನ ಮನೆಗೆ ಅಂದೆ. “ಅಬ್ಬುಕ್ಕಾ?” ಹಬ್ಬಕ್ಕಲ್ಲ, ಸ್ವಲ್ಪ ಜಾಗ ಕೇಳುವುದಿದೆ ಅಂದೆ. “ಕೇಳು, ಬುಡಬ್ಯಾಡ. ನಿನ್ ಪಾಲು ನಿಂಗೆ ಬರ್ಬೇಕು” ಎಂದು ಹುರಿದುಂಬಿಸಿದಳು. ಎಂಥ ಜಾಗ ಎಂದು ಬಾಯಿಬಿಟ್ಟಿದ್ದರೆ ಸೀಟು ಬದಲಿಸಿಕೊಳ್ಳುತ್ತಿದ್ದಳೇನೋ.

ಮುಂದಿನ ತಿಂಗಳು ನಾನು ಉತ್ತರ ಧ್ರುವದ ಹತ್ತಿರದ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗುವವಳು. ಅಲ್ಲಿ ಗಾಳಿಯನ್ನೂ ಹಿಮವನ್ನೂ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ದೀಪಾವಳಿಯ ಸುಮಾರಿಗೆ ಮುಳುಗಿದ ಸೂರ್ಯ ಅಲ್ಲಿ ಮತ್ತೆ ಮುಖ ತೋರಿಸುವುದು ಶಿವರಾತ್ರಿಯ ಹೊತ್ತಿಗೆ. ಅದಕ್ಕಾಗಿ ನಾಲ್ಕು ತಿಂಗಳಿಂದ ತಯಾರಿ ನಡೆದಿತ್ತು. ಕಿತ್ತಳೆ ಬಣ್ಣದ ರಬ್ಬರ್ ಅಂಗಿ ತೊಟ್ಟು ಮಂಜುಗಡ್ಡೆ ಹಾಕಿದ ನೀರಿಗೆ ಹಾರಿದ್ದೆ. ಬಿಳಿ ಕರಡಿ ಬಂದರೆ ಇರಲಿ ಎಂದು ಬಂದೂಕು ಹೊಡೆಯಲು ಕಲಿತಿದ್ದೆ. ಡಾಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡಿ, ಒಂದು ಹುಳುಕು ದವಡೆಹಲ್ಲು ಬಿಟ್ಟು ಉಳಿದದ್ದೆಲ್ಲ ಗಟ್ಟಿ ಅಂದಿದ್ದರು.

ತರಬೇತಿಯ ಕೊನೆಯ ದಿನ ಒಂದು ಪ್ರಶ್ನೆ ಬಂತು. ಅಲ್ಲಿ ಸತ್ತರೆ ನಿಮ್ಮನ್ನು ಯಾರಿಗೆ ಒಪ್ಪಿಸಬೇಕು? ಅಲ್ಲಿಯ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ, ಹೂತದ್ದನ್ನು ವರ್ಷಗಳಲ್ಲಿ ಮೇಲಕ್ಕೆ ತಳ್ಳಿಬಿಡುತ್ತದೆ. ಹಾಗಾಗಿ ಹೆಣವನ್ನು ಊರಿಗೇ ಕಳಿಸುತ್ತಾರೆ. ಒಬ್ಬರ ಹೆಸರು ಕೊಡಬೇಕು; ಕಚೇರಿಯವರು ಅವರಿಗೆ ಫೋನ್ ಮಾಡಿ ಒಪ್ಪಿಗೆಯನ್ನು ಬಾಯಿಂದಲೇ ಕೇಳುತ್ತಾರೆ. ಹೆಸರಿಲ್ಲದವರು ಹೊರಡುವಂತಿಲ್ಲ. ಜೊತೆಯವರು ಹೆಂಡತಿ, ಗಂಡ, ಅಪ್ಪ ಎಂದು ಪಟಪಟನೆ ಹೇಳಿದರು. ನಾನು ಸೋಮವಾರ ಹೇಳುತ್ತೇನೆ ಅಂದೆ. ನನ್ನ ಗಂಡ ನಂಜುಂಡ ಬೈಕಿನಿಂದ ಬಿದ್ದು ತೀರಿಹೋಗಿ ಆರು ವರ್ಷ. ಮಕ್ಕಳಿಲ್ಲ. ಅಪ್ಪ ಅವ್ವ ಇಬ್ಬರೂ ಕೌದಳ್ಳಿಯ ನಮ್ಮ ಹೊಲದ ಬದುವಿನಲ್ಲಿ ಕೂತಿದ್ದಾರೆ. ಕೂತಿದ್ದಾರೆ ಎಂದರೆ ಕೂತೇ ಇದ್ದಾರೆ: ನಮ್ಮಲ್ಲಿ ಸುಡುವುದಿಲ್ಲ, ಪದ್ಮಾಸನ ಹಾಕಿಸಿ, ಕೂರಿಸಿ, ಸ್ವಂತ ಹೊಲದಲ್ಲಿ ಮಣ್ಣು ಮಾಡುತ್ತಾರೆ. ನನಗೆ ದೇವರ ವಿಷಯದಲ್ಲಿ ನೂರು ತಕರಾರಿದೆ. ಆದರೆ ಬೆಂಕಿ ಎಂದರೆ ಮೈ ಜುಂ ಎನ್ನುತ್ತದೆ, ಅದಕ್ಕೇನು ಮಾಡಲಿ.

ಯಳಂದೂರು ತಲುಪುವಾಗ ಮಳೆ ನಿಂತಿತ್ತು. ಬಿಳಿಗಿರಿರಂಗನ ಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು, ರಸ್ತೆಯ ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿತ್ತು. ನಂಜುಂಡನ ಅಣ್ಣ ಗುರುಸ್ವಾಮಿ ಬಾವ ಜಗುಲಿಯಲ್ಲೇ ಕೂತಿದ್ದರು. ಅವರ ಹೆಂಡತಿ ಉಪ್ಪಿಟ್ಟು, ಬಾಳೆಹಣ್ಣು ತಂದಿಟ್ಟರು. ಸಂಬಳ ಎಷ್ಟು, ಊಟಕ್ಕೆ ಏನು, ಅಲ್ಲಿ ನಮ್ಮ ಜನ ಇದ್ದಾರಾ ಎಲ್ಲ ವಿಚಾರಿಸಿದರು. ಉಪ್ಪಿಟ್ಟು ಮುಗಿಸಿ, ಕೈತೊಳೆದು ಬಂದು ಕೇಳಿದೆ. ಏನಾದರೂ ಆದರೆ ನನ್ನನ್ನು ನಂಜುಂಡನ ಪಕ್ಕದಲ್ಲಿ ಇಡುತ್ತೀರಾ?

“ಬುಡ್ತು ಅನ್ನವ್ವ!” ಬಾವ ಕುರ್ಚಿಯಿಂದ ಎದ್ದೇಬಿಟ್ಟರು. “ಸಂದೆ ಮುಂದೆ ಅಲ್ದೆ ಇದ್ರೂ ಅಸ್ತು ಅನ್ನೋ ದೇವ್ರು ಇರ್ತವೆ. ಬುಡ್ತು ಅನ್ನು ಮೊದ್ಲು.”

ಕೆಟ್ಟ ಮಾತು ಬಾಯಿಂದ ಬಿದ್ದರೆ, ಅದು ಫಲಿಸದಿರಲಿ ಎಂದು ‘ಬಿಡ್ತು’ ಅನ್ನುವುದು ನಮ್ಮ ಕಡೆಯ ವಾಡಿಕೆ. ಅಂದರೆ ಆಡಿದ ಮಾತು ಆಡದಂತೆ. ನನಗೆ ಉತ್ತರ ಬೇಕಿತ್ತು, ಹಾಗಾಗಿ ಅನ್ನಲಿಲ್ಲ. ಬಾವ ಸ್ವಲ್ಪ ಹೊತ್ತು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬಾ ಎಂದು ಮನೆಯ ಹಿಂದಿನ ತೆಂಗಿನ ತೋಟಕ್ಕೆ ಕರೆದುಕೊಂಡು ಹೋದರು.

ತೋಟದ ಅರ್ಧದಷ್ಟು ಮರ ಉರುಳಿದ್ದವು. ಕೆಂಪು ಬಣ್ಣ ಬಳಿದ ಗಡಿಕಲ್ಲುಗಳು ಸಾಲಾಗಿ ನಿಂತಿದ್ದವು. “ಲೇಔಟ್ ಆಯ್ತದೆ ಕಣವ್ವ. ನಂಜುಂಡ ಇರೋ ಮೂಲೆಯ ಪಾರ್ಕಿಗೆ ಬುಡ್ಸಿವ್ನಿ. ಅವ್ನ ಎಬ್ಸಕಿಲ್ಲ. ಆದ್ರೆ ಪಾರ್ಕಲ್ಲಿ ಇನ್ನೊಂದು ಗುಣಿ ತೋಡ್ತೀನಿ ಅಂದ್ರೆ ಸೈಟು ತಕಂಡೋರು ಬುಟ್ಟಾರಾ, ನೀನೇ ಏಳು. ನಿಮ್ಮಣ್ಣ ಅವ್ನಲ್ಲ ಕೌದಳ್ಳೀಲಿ. ಅವ್ರುದು ದೊಡ್ಡ ಒಲ.” ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ನಂಜುಂಡನ ಗದ್ದುಗೆಯ ಮೇಲೆ ಬೆಳೆದಿದ್ದ ಗರಿಕೆ ಕಿತ್ತು, ನೀರು ಹಾಕಿ, ನಾಳೆ ಇವನ ಮೇಲೆ ಮಕ್ಕಳು ಜೋಕಾಲಿ ಆಡುತ್ತಾರೆ ಎಂದುಕೊಂಡು ಎದ್ದೆ.

ಯಳಂದೂರಿನಿಂದ ಕೊಳ್ಳೇಗಾಲ ಅರ್ಧ ಗಂಟೆಯ ದಾರಿ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ರೂಮು ಹಿಡಿದೆ. ಆರುನೂರು ರೂಪಾಯಿ, ಬಿಸಿನೀರು ಬೆಳಿಗ್ಗೆ ಮಾತ್ರ, ಸೊಳ್ಳೆ ಯಾವಾಗಲೂ. ಹುಳುಕು ಹಲ್ಲನ್ನು ಮೈಸೂರಿನಲ್ಲೇ ಕೀಳಿಸಬಹುದಿತ್ತು, ಹೆದರಿ ಮುಂದೂಡುತ್ತ ಬಂದಿದ್ದೆ. ಮಾರನೆಯ ಬೆಳಿಗ್ಗೆ, ಹೇಗೂ ನೋವಾಗಿದೆ, ಇದೂ ಒಂದು ಆಗಿಹೋಗಲಿ ಎಂದು ದೊಡ್ಡ ಬೀದಿಯ ಒಂದು ಹಲ್ಲಿನ ಆಸ್ಪತ್ರೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. “ಯಾಕೆ ಮೇಡಂ ಅಳ್ತಿದ್ದೀರಾ? ನಾನಿನ್ನೂ ಇಂಜೆಕ್ಷನ್ನೇ ಕೊಟ್ಟಿಲ್ಲ” ಅಂದಳು. ನನಗೇ ಗೊತ್ತಾಗಿರಲಿಲ್ಲ. ಜೋಕಾಲಿ ನೆನಪಾಗಿತ್ತು.

ಹಲ್ಲು ಕಿತ್ತ ಜಾಗಕ್ಕೆ ಎರಡು ಹೊಲಿಗೆ ಹಾಕಿಸಿಕೊಂಡು, ಬಾಯಿಗೆ ಹತ್ತಿ ತುರುಕಿಸಿಕೊಂಡು ಹನೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಟಾರು ರಸ್ತೆಯ ಅಂಚಿಗೆ ಮುಸುಕಿನ ಜೋಳ ಹರಡಿದ್ದರು. ಮೋಡ ನೋಡಿ ಹೆಂಗಸರು ಅದನ್ನು ಗೋರಿ ಗೋರಿ ಚೀಲಕ್ಕೆ ತುಂಬುತ್ತಿದ್ದರು. ಕೇಂದ್ರಕ್ಕೆ ಐದು ಕಿಲೋ ಸ್ವಂತ ತಿನಿಸು ಒಯ್ಯಬಹುದು ಎಂದಿದ್ದರಿಂದ ಹನೂರಿನಲ್ಲಿ ಇಳಿದು ರಾಗಿ ಹುರಿಹಿಟ್ಟು ಕೊಂಡೆ. ಅಂಗಡಿಯವನು ತೂಕ ಮಾಡುತ್ತ, “ಇಷ್ಟೊಂದು ಯಾರ್ಗೆ ಮೇಡಮ್ಮೋರೆ?” ಅಂದ. ಚಳಿಯ ದೇಶಕ್ಕೆ ಹೋಗುತ್ತಿದ್ದೇನೆ ಎಂದು ಊದಿದ ಬಾಯಲ್ಲಿ ತೊದಲಿದೆ. “ಊಟಿಗಿಂತ ಚಳಿನಾ?” ಹೌದು ಅಂದೆ. ಊಟಿಗಿಂತ ಚಳಿಯಾದ ಜಾಗವೊಂದು ಇರಬಹುದೆಂದು ಅವನಿಗೆ ನಂಬಿಕೆ ಬರಲಿಲ್ಲ. ಹೊಟ್ಟೆಗಾದರೂ ಬೆಚ್ಚಗಿರಲಿ ಎಂದು ಒಂದು ಹಿಡಿ ಹುರಿಗಡಲೆ ಬಿಟ್ಟಿ ಹಾಕಿದ.

ಕೌದಳ್ಳಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಅಣ್ಣ ಮಲ್ಲೇಶನದು ಮಲೆಮಹದೇಶ್ವರ ಬೆಟ್ಟದ ರಸ್ತೆಯಲ್ಲೇ ಗೊಬ್ಬರ, ಬಿತ್ತನೆ ಬೀಜದ ಅಂಗಡಿ, ಹಿಂದೆ ಮನೆ. ಬಾಗಿಲು ತೆರೆದದ್ದು ಅತ್ತಿಗೆ ಚಿನ್ನತಾಯಿ. ಪಾಲಾರ್ ದಾಟಿ ಆಚೆ, ತಮಿಳು ಸೀಮೆಯಲ್ಲಿ ಹುಟ್ಟಿದವಳು. ಮೊದಲಿನಿಂದಲೂ ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ. ನಾನು ಓದಿದವಳೆಂಬ ಸೊಕ್ಕಿನವಳು ಎಂದು ಅವಳು, ಅವಳು ಅಣ್ಣನನ್ನು ಸೆರಗಿಗೆ ಕಟ್ಟಿಕೊಂಡವಳು ಎಂದು ನಾನು. ನನ್ನ ಮುಖ ನೋಡಿ, “ಯಾರ್ ಒಡುದ್ರು?” ಅಂದಳು. ಹಲ್ಲು ಎಂದು ಬೆರಳು ತೋರಿಸಿದೆ. ಒಳಗೆ ಹೋಗಿ ರಾಗಿ ಅಂಬಲಿ ಕಾಯಿಸಿ, ಆರಿಸಿ ತಂದಳು.

ಅಣ್ಣ ಅಂಗಡಿಯಿಂದ ಟೀ ಕುಡಿಯಲು ಬಂದಾಗ ಹತ್ತಿ ತೆಗೆದು ಕೇಳಿದೆ. ಒಮ್ಮೆ ಕೇಳಿದ್ದು ಅವನಿಗೆ ಅರ್ಥವಾಗಲಿಲ್ಲ. ಅಂಥ ಮಾತನ್ನು ಎರಡು ಸಲ ಆಡಬೇಕಾಯಿತು.

“ಬುಡ್ತು ಅನ್ನು ಗಿರ್ಜಿ! ಮನೇಲಿ ದೀಪ ಅಚ್ಚೋ ಒತ್ನಲ್ಲಿ ಇಂಥ ಮಾತಾ?”

“ಅನ್ನಲ್ಲ. ನೀನು ಊ ಅನ್ನು, ಇಲ್ಲ ಊಹೂ ಅನ್ನು.”

“ಎಲ್ಲಾರ ಉಂಟಾ? ಕೊಟ್ಟ ಎಣ್ಣು ಕುಲಕ್ಕೆ ಒರಗು ಅಂತ ದೊಡ್ಡೋರು ಸುಮ್ಗೆ ಏಳವ್ರಾ? ನಾಳೆ ಜನ ಏನಂದಾರು, ಗಂಡನ ಮನೇಲಿ ಇವಳ್ಗೆ ಮಣ್ಣಿರ್ನಿಲ್ವಾ ಅನ್ನಕಿಲ್ವಾ? ನಮ್ ಮಾನ ಇರ್ಲಿ, ನಂಜುಂಡನ ಮಾನ? ಓಗ್ಲೇಬ್ಯಾಡ ಬುಡು ಆ ಊರ್ಗೆ, ಆಗ ಯಾವ್ ಮಾತೂ ಇಲ್ಲ.” ಟೀ ಅರ್ಧಕ್ಕೇ ಬಿಟ್ಟು ಅಂಗಡಿಗೆ ಎದ್ದು ಹೋದ.

ಹುಟ್ಟಿದ ಮನೆಗೆ ಹೊರಗು, ಹೊಕ್ಕ ಮನೆಯಲ್ಲಿ ಪಾರ್ಕು. ಹಿಮವೇ ವಾಸಿ, ಅದಾದರೂ ಯಾರ ಮಗಳು, ಯಾರ ಹೆಂಡತಿ ಎಂದು ಕೇಳುವುದಿಲ್ಲ ಅನ್ನಿಸಿತು. ಸೋಮವಾರ ಕಚೇರಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿಬಿಡೋಣ ಎಂದು ಲೆಕ್ಕ ಹಾಕುತ್ತ ಅಡುಗೆಮನೆಯ ಗೋಡೆಗೆ ಒರಗಿ ಕೂತೆ. ಹದಿನೈದು ವರ್ಷದಿಂದ ಯಂತ್ರದಲ್ಲಿ ಬರುವ ಅಂಕಿ ನೋಡುತ್ತ, ಅದು ಬರುವ ಜಾಗ ನೋಡಬೇಕೆಂದು ಹಂಬಲಿಸಿದವಳು ನಾನು. ಅತ್ತಿಗೆ ಕಡಲೆ ಸಿಪ್ಪೆ ಸುಲಿಯುತ್ತಿದ್ದಳು.

“ಏನಾರ ಆದ್ರೆ, ಅಲ್ಲಿಂದ ತರಕೆ ಎಷ್ಟ್ ದಿನ ಆಯ್ತದೆ?” ತಲೆ ಎತ್ತದೆ ಕೇಳಿದಳು.

“ಗಾಳಿ ಸರಿಯಿದ್ದು ವಿಮಾನ ಬಂದರೆ ವಾರ. ಇಲ್ಲದಿದ್ದರೆ ತಿಂಗಳೂ ಆಗಬಹುದು.”

“ಕೆಡಕಿಲ್ವಾ?”

“ಅಲ್ಲಿ ಏನೂ ಕೆಡಲ್ಲ.”

ಅವಳು ಇನ್ನೊಂದಿಷ್ಟು ಕಡಲೆ ಸುಲಿದಳು. “ಮನಗ್ಸಿ ಕಳುಸ್ತಾರಾ, ಕೂರ್ಸಿ ಕಳುಸ್ತಾರಾ?”

ನಾಲ್ಕು ತಿಂಗಳ ತರಬೇತಿಯಲ್ಲಿ ಇದನ್ನು ಯಾರೂ ಎತ್ತಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಪೆಟ್ಟಿಗೆಯಲ್ಲಿ, ಮಲಗಿಸಿಯೇ ಕಳಿಸುವುದು ಅಂದೆ. “ಸೆಟ್ಕಂಡ್ ಬಂದ ಮೈಯ ಕಾಲ್ ಮಡ್ಚಿ ಕೂರ್ಸದು ಎಂಗೆ?” ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡಳು. ನನ್ನ ಹೆಣದ ಬಗ್ಗೆ, ನನ್ನೆದುರಿಗೇ, ಮೊದಲ ಬಾರಿ ಒಬ್ಬರು ಯೋಚನೆ ಮಾಡುತ್ತಿದ್ದರು. ಭಯವಾಗಬೇಕಿತ್ತು. ಮೈ ಹಗುರವಾಯಿತು.

“ಇರ್ಲಿ” ಅಂದಳು ಕೊನೆಗೆ. “ಇಲ್ಲಿ ಬಿಸ್ಲದೆ. ಅಂಡೆ ತುಂಬ ಬಿಸ್ನೀರದೆ. ಮೆತ್ತಗಾಗಗಂಟ ಉಯ್ತೀನಿ. ನನ್ ಎಸ್ರು ಕೊಡು ಕಣ್ಣು.”

ಕಣ್ಣು ಎನ್ನುವುದು ಅವಳ ತವರಿನ ಮುದ್ದಿನ ಮಾತು. ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅಣ್ಣ ಏನಂತಾನೆ ಅಂದೆ. “ಅವ್ರು ಉಟ್ಟಿದ್ದೂ ಇಲ್ಲೇ, ಓಗದೂ ಇಲ್ಲೇ. ಜಾಗ ಕೇಳ್ಬೇಕು ಅಂತ ಅವ್ರಿಗೆ ಯಾವತ್ತು ಬಂದದೆ? ನಾನೂ ನೀನೂ ಬ್ಯಾರೆ ಮನೆಗೆ ಓದೋರು. ನಮ್ದು ನಾವೇ ನೋಡ್ಕಬೇಕು.” ಅಷ್ಟು ವರ್ಷ ಅವಳ ಬಗ್ಗೆ ಆಡಿಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಅಂಬಲಿಯ ಲೋಟ ನಾನೇ ತೊಳೆದಿಟ್ಟೆ.

ಭಾನುವಾರ ಬೆಳಿಗ್ಗೆ ಅವಳೇ ಹೊಲಕ್ಕೆ ಕರೆದುಕೊಂಡು ಹೋದಳು. ಹೊಂಗೆಮರದ ಕೆಳಗೆ ಅಪ್ಪ, ಅವ್ವ. ಅಲ್ಲಿಂದ ಹೆಜ್ಜೆ ಹಾಕಿ, “ಇಲ್ಲಿ ಅವ್ರು, ಇಲ್ಲಿ ನಾನು, ನನ್ ಮಗ್ಗುಲಿಗೆ ನೀನು” ಎಂದು ಕಾಲಿನಿಂದ ಗೆರೆ ಎಳೆದಳು. ಮದುವೆಮನೆಯಲ್ಲಿ ಎಲೆ ಹಾಕುವವರಂತೆ ಒಂದೊಂದೇ ಜಾಗ ಗೊತ್ತು ಮಾಡಿದಳು. ಅಷ್ಟರಲ್ಲಿ ಅಣ್ಣ ಹಿಂದೆ ಬಂದು ನಿಂತಿದ್ದ. ಕೈಯಲ್ಲಿ ನನ್ನ ಹುರಿಹಿಟ್ಟಿನ ಚೀಲ. ಈಗ ರೇಗುತ್ತಾನೆ ಎಂದು ಕಾದೆ. ಅವನು ನನ್ನ ಕಡೆ ನೋಡಲೇ ಇಲ್ಲ, ಹೆಂಡತಿ ಎಳೆದ ಗೆರೆಯನ್ನೇ ನೋಡಿದ.

“ಅಲ್ಲಿ ಎರಡಡಿಗೇ ಬಂಡೆ ಸಿಕ್ತದೆ. ಈಚೆಗೆ ತಕೊ, ಮಣ್ಣದೆ” ಅಂದು, ಚೀಲ ಹೊತ್ತು ರಸ್ತೆಯ ಕಡೆ ಹೊರಟ.

ಮಲೆಮಹದೇಶ್ವರ ಬೆಟ್ಟದಿಂದ ಬಂದ ಬಸ್ಸು ತುಂಬಿತ್ತು. ಅಣ್ಣ ಜನರ ನಡುವೆ ನುಗ್ಗಿ ನನಗೆ ಕಿಟಕಿಯ ಸೀಟು ಹಿಡಿದುಕೊಟ್ಟ, ಚೀಲ ಕಾಲ ಬಳಿ ಇಟ್ಟ, ಇಳಿದುಹೋಗಿ ಅಂಗಡಿಯ ಬಾಗಿಲು ಎತ್ತತೊಡಗಿದ. ಅತ್ತಿಗೆ ಕಿಟಕಿಯ ಕೆಳಗೇ ನಿಂತಿದ್ದಳು. ನಿನ್ನೆಯಿಂದ ಹೆಣ, ಗುಣಿ ಎಂದು ಕಲ್ಲಿನಂತೆ ಮಾತಾಡಿದವಳು ಈಗ ಸೆರಗು ಬಾಯಿಗೆ ಒತ್ತಿ ಬಿಕ್ಕುತ್ತಿದ್ದಳು.

“ಕೇಳೋದೆಲ್ಲ ಕೇಳ್ಕಂಡೆ, ಏಳೋದೆಲ್ಲ ಏಳ್ದೆ. ಈಗ ಬುಡ್ತು ಅನ್ನು ಕಣ್ಣು.”

ಬೆಳಿಗ್ಗೆ ಮತ್ತೆ ರಕ್ತ ಜಿನುಗಿದ್ದರಿಂದ ಬಾಯಲ್ಲಿ ಹತ್ತಿ ಇತ್ತು. ಅದನ್ನು ತೆಗೆದು ಅಂದೆ. ಅವಳಿಗೆ ಕೇಳಿಸಲಿಲ್ಲ. “ಇನ್ನೊಂದ್ಸಲ” ಎಂದು ಕಿಟಕಿಯ ಸರಳು ಹಿಡಿದು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಬಂದಳು. ಬಸ್ಸು ವೇಗ ಹಿಡಿಯಿತು. ನಾನು ಹಿಂದಕ್ಕೆ ತಿರುಗಿ, ಹೊಲಿಗೆ ಬಿಚ್ಚಿದರೂ ಬಿಚ್ಚಲಿ ಎಂದು, ಇಡೀ ಕೌದಳ್ಳಿಗೆ ಕೇಳುವ ಹಾಗೆ ಬಿಡ್ತು, ಬಿಡ್ತು ಎಂದು ಕೂಗಿದೆ.