ಪಂಚರ್ ಅಂಗಡಿಯ ಎಮ್ಮೆ ಪಿಕ್ಚರು

ನಮ್ಮ ಯಜಮಾನರ ಹೆಸರು ಪುಟ್ಟರಾಜು. ಅವರು ಇರುವಾಗ ನಾನು ಆ ಹೆಸರು ಹೇಳಿದವಳಲ್ಲ. ಈಗ ಹೇಳಿದರೆ ಏನು ಮಾಡುತ್ತಾರೆ.

ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ಹೋಗುವಾಗ ರಸ್ತೆ ಪಕ್ಕ ನಮ್ಮ ಪಂಚರ್ ಅಂಗಡಿ. ಮುಂದೆ ಹಳೇ ಟೈರು ನೇತುಹಾಕಿದೆ. ಹಿಂದೆ ಮನೆ, ಮನೆ ಹಿಂದೆ ಒಂದಿಷ್ಟು ಕಬ್ಬು. ಬಾಗಿಲಲ್ಲಿ ನಿಂತರೆ ದೂರಕ್ಕೆ ಕರಿಘಟ್ಟ ಕಾಣುತ್ತದೆ. ಅವರಿಗೆ ಕಬ್ಬಿಗಿಂತ ಪಂಚರ್ ಇಷ್ಟ, ಪಂಚರಿಗಿಂತ ಪಿಕ್ಚರ್ ಇಷ್ಟ. ಪಿಕ್ಚರಿನಲ್ಲೂ ಒಬ್ಬನೇ ಡೈರೆಕ್ಟರು, ಬೋರಲಿಂಗು. ಹೀರೋ ಯಾರಾದರೂ ಆಗಲಿ, ಅವರಿಗೆ ಬೇಕಿರಲಿಲ್ಲ. ಪೋಸ್ಟರಿನ ಕೆಳಗೆ ಸಣ್ಣಕ್ಷರದಲ್ಲಿ ಬೋರಲಿಂಗು ಅಂತ ಇದ್ದರೆ ಸಾಕು, ಅಂಗಡಿ ಬಾಗಿಲು ಹಾಕಿ ಹೊರಟರು.

ಯಾರೇ ಪಂಚರ್ ಹಾಕಿಸಲು ಬಂದರೂ ಟ್ಯೂಬನ್ನು ತೊಟ್ಟಿ ನೀರಿಗೆ ಅದ್ದುತ್ತಾ ಕೇಳುವರು:

“ಬೋರಲಿಂಗು ಪಿಕ್ಚರ್ ನೋಡಿದ್ದೀಯೇನ್ಲಾ?”

ನೋಡಿಲ್ಲ ಅಂದವನಿಗೆ ಬೇಗ ಕೆಲಸ ಮುಗಿಸಿ ಕಳಿಸುವರು. ನೋಡಿದ್ದೀನಿ ಅಂದವನ ಕತೆ ಮುಗಿಯಿತು. ಟ್ಯೂಬಿನಲ್ಲಿ ಗುಳ್ಳೆ ಬರುತ್ತಲೇ ಇರುವುದು, ಇವರು ನೋಡುವವರಲ್ಲ. ಯಾವುದು ಮೊದಲು, ಯಾವುದು ಎರಡು ಅಂತ ಅವನ ಬಾಯಿಂದ ಬರುವ ತನಕ ಚಕ್ರ ಗಾಡಿಗೆ ಹತ್ತುತ್ತಿರಲಿಲ್ಲ. ಒಂದು ಸಲ ಮದುವೆಗೆ ಹೋಗುತ್ತಿದ್ದ ಪುರೋಹಿತರು ಹೀಗೆ ಸಿಕ್ಕಿಕೊಂಡರು. ಹೆಣ್ಣಿನ ಕಡೆಯವರು ಹುಡುಕಿಕೊಂಡು ಬಂದು ಕರೆದುಕೊಂಡು ಹೋದರು.

ಅವರ ಮೂವರು ಸ್ನೇಹಿತರೂ ಪಂಚರಿನಿಂದಲೇ ಬಂದವರು. ಪಾಂಡವಪುರದ ದ್ಯಾವಯ್ಯ ಎಲ್ಲರಿಗಿಂತ ದೊಡ್ಡವರು. ಕಬ್ಬಿನ ಟ್ರಾಕ್ಟರಿನ ಟೈರು ಹೋಗಿ ನಮ್ಮಲ್ಲಿ ನಿಂತರು. ಅವರಿಗೆ ‘ತೂಬಿನ ನೀರು’ ಮೊದಲು. ಯಾಕೆ ಅಂದರೆ ಅದರಲ್ಲಿ ನಾಲೆ ಇದೆ. ಕೆ.ಆರ್. ಪೇಟೆಯ ಶಿವಶಂಕರ್ ಹೈಸ್ಕೂಲು ಮೇಷ್ಟ್ರು. ಬೈಕು ತಳ್ಳಿಕೊಂಡು ಬಂದರು. ಅವರಿಗೆ ‘ಹಿತ್ತಲ ಬಾಗಿಲು’. ಅದರ ಕೊನೆಯಲ್ಲಿ ತಾಯಿ ಸಾಯುತ್ತಾಳೆ. ಅದನ್ನು ಹೇಳುವಾಗ ಪ್ರತಿ ಸಲ ಕನ್ನಡಕ ತೆಗೆದು ಒರೆಸುವರು. ನಾಗಮಂಗಲದ ಮಂಜುನಾಥ ಗೂಡ್ಸ್ ಗಾಡಿ ಓಡಿಸುತ್ತಾನೆ, ಇವರ ವಾರಿಗೆಯವನು. ಅವನಿಗೆ ‘ಹದಿನಾರು ಚಕ್ರ’. ಬರೀ ಲಾರಿ, ಬರೀ ಹೊಡೆದಾಟ.

ನಮ್ಮವರಿಗೆ ‘ಅತ್ತೆ ತಂದ ಎಮ್ಮೆ’. ಅದು ಶುಕ್ರವಾರ ಟಾಕೀಸಿಗೆ ಬಂತು, ಸೋಮವಾರ ಹೋಯಿತು. ಬೋರಲಿಂಗುವೇ ಅದನ್ನು ಮರೆತಿರಬೇಕು. ಇವರು ಮರೆಯಲಿಲ್ಲ.

ಆಯುಧಪೂಜೆ ದಿನ ಮೂವರೂ ಗಾಡಿ ತೊಳೆದುಕೊಂಡು ನಮ್ಮ ಅಂಗಡಿಗೆ ಬರುವರು. ಸ್ಪಾನರು, ಜಾಕಿ, ಗಾಳಿ ಮಿಷನ್ನು ಎಲ್ಲಕ್ಕೂ ಅರಿಶಿನ ಕುಂಕುಮ. ಕುಂಬಳಕಾಯಿ ಒಡೆದು ಊಟ ಆದ ಮೇಲೆ ಕೂತು ಬೋರಲಿಂಗು ಪಿಕ್ಚರುಗಳಿಗೆ ನಂಬರು ಕೊಡುವರು. ಊರಿನಲ್ಲಿ ನ್ಯಾಯ ಮಾಡುವ ಹಾಗೇ ಅವರ ಕಟ್ಟಳೆ. ನಡುವೆ ತಟ್ಟೆಯಲ್ಲಿ ಎಲೆ ಅಡಿಕೆ. ಮಾತು ಒಪ್ಪಿದವನು ಎಲೆ ಎತ್ತಬೇಕು. ಕೂತವರಲ್ಲಿ ಒಬ್ಬ ಎತ್ತದಿದ್ದರೂ ತೀರ್ಮಾನ ಇಲ್ಲ. ಮುಂದಿನ ಆಯುಧಪೂಜೆಗೆ ಹೋಯಿತು.

ನಮ್ಮವರು ಒಂದು ವರ್ಷವೂ ಎಲೆ ಎತ್ತಲಿಲ್ಲ.

“ಲೇ ಪುಟ್ಟ, ಆ ಎಮ್ಮೆ ಪಿಕ್ಚರ್ ನೋಡಿರೋನು ನೀನೊಬ್ನೇ ಕಣ್ಲಾ. ಸಾಕ್ಸಿ ಯಾರವ್ರೆ?” ಅನ್ನುವನು ಮಂಜುನಾಥ.

“ನನ್ನೆಂಡ್ರು ಬಂದಿದ್ಲು. ಕೇಳು.”

“ನಾನ್ ಅರ್ಧ ನಿದ್ದೆ ಮಾಡ್ದೆ,” ಅಂತ ಅಡಿಗೆಮನೆಯಿಂದ ನಾನು.

“ನೋಡ್ಲಾ, ಅಷ್ಟು ನೆಮ್ಮದಿ ಪಿಕ್ಚರು.”

ಅದು ಯಾಕೆ ಅಷ್ಟು ಇಷ್ಟ ಅಂತ ಅವರು ಸ್ನೇಹಿತರಿಗೆ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ಅವರಿಗೆ ಸಾವು ನೋಡಲು ಆಗುತ್ತಿರಲಿಲ್ಲ. ತೆರೆ ಮೇಲೆ ತಾಯಿ ಕೆಮ್ಮಲು ಶುರು ಮಾಡಿದರೆ ಎದ್ದು ಟೀ ಕುಡಿಯಲು ಹೋಗುವರು. ಬೋರಲಿಂಗು ಪ್ರತಿ ಪಿಕ್ಚರಿನಲ್ಲೂ ಒಬ್ಬರನ್ನು ಸಾಯಿಸುತ್ತಾನೆ. ಎಮ್ಮೆ ಪಿಕ್ಚರಿನಲ್ಲಿ ಯಾರೂ ಸಾಯುವುದಿಲ್ಲ. ಎಮ್ಮೆ ಕೂಡ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಲಾರಿ ಟೈರಿಗೆ ಗಾಳಿ ಹೊಡೆಯುತ್ತಿದ್ದವರು ಹಾಗೇ ಕೂತರು, ಏಳಲಿಲ್ಲ. ನಾನು ಹೊರಗೆ ಬರುವ ಹೊತ್ತಿಗೆ ಗಾಳಿ ಮಿಷನ್ನು ಇನ್ನೂ ಓಡುತ್ತಿತ್ತು. ನಾನೇ ಆಫ್ ಮಾಡಿದೆ.

ಈಗ ಸ್ಕೂಟರು, ಬೈಕಿನ ಪಂಚರ್ ನಾನೇ ಹಾಕುತ್ತೇನೆ. ಲಾರಿ ಬಂದರೆ ಮುಂದಿನ ಅಂಗಡಿಗೆ ಹೋಗಿ ಅನ್ನುತ್ತೇನೆ. ಗುಳ್ಳೆ ಬಂದರೆ ಗುಳ್ಳೆ ನೋಡುತ್ತೇನೆ, ಪಿಕ್ಚರ್ ಕೇಳುವುದಿಲ್ಲ. ಗಿರಾಕಿಗಳು ಬೇಗ ಹೊರಟುಹೋಗುತ್ತಾರೆ. ಮಧ್ಯಾಹ್ನ ಆಗುವುದೇ ಇಲ್ಲ.

ಹೋದ ವರ್ಷ, ಸಾವಾಗಿ ವರ್ಷ ತುಂಬದ ಮನೆ ಅಂತ ಹಬ್ಬ ಮಾಡಲಿಲ್ಲ. ಈ ವರ್ಷ ಹಬ್ಬಕ್ಕೆ ಮುಂಚೆ ಮಂಜುನಾಥ ಗಾಡಿ ನಿಲ್ಲಿಸಿದ.

“ಅಕ್ಕ, ಈ ಸಲ ಬತ್ತೀವಿ. ತೀರ್ಮಾನ ಮಾಡ್ಬುಡ್ತೀವಿ. ಮೂರು ಜನವೂ ಮಾತಾಡ್ಕೊಂಡಿದ್ದೀವಿ, ಎಮ್ಮೆ ಪಿಕ್ಚರ್‌ಗೇ ಮೊದಲ್ನೇ ನಂಬ್ರು. ಪುಟ್ಟನ ಮನ್ಸು ತಣ್ಣಗಿರ್ಲಿ.”

“ಆಮೇಕೆ?”

“ಆಮೇಕೆ ಏನು? ಮುಗೀತಲ್ಲ.”

ಅವನು ಹೋದ ಮೇಲೆ ಅದೇ ಮಾತು ಕುಟುಕಿತು. ಮುಗಿದರೆ ಇವರು ಯಾಕೆ ಬರುತ್ತಾರೆ? ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದ ನಮ್ಮ ಮನೆಗೆ ಎಲೆ ಅಡಿಕೆ ತಿನ್ನಲು ಯಾರೂ ಬರುವುದಿಲ್ಲ. ಜಗಳ ಉಳಿದಿದೆ ಅಂತ ಬರುತ್ತಾರೆ. ಮಗಳು ಹೇಮಶ್ರೀ ಫೋನು ಮಾಡಿದರೆ ಅಪ್ಪನ ಮಾತು ಎತ್ತುವುದಿಲ್ಲ, ನಾನು ಅಳುತ್ತೇನೆ ಅಂತ. ನೆಂಟರು ಒಳ್ಳೆಯವನಾಗಿದ್ದ ಅನ್ನುತ್ತಾರೆ, ಎದ್ದು ಹೋಗುತ್ತಾರೆ. ಪುಟ್ಟರಾಜ ಅಂತ ಬಾಯಿತುಂಬಾ ಬಯ್ಯುವವರು ಈ ಮೂವರೇ. ಅದೂ ನಿಂತರೆ ನನಗೆ ಏನು ಉಳಿಯಿತು.

ಆಯುಧಪೂಜೆ ದಿನ ಮೂವರೂ ಬಂದರು. ಒಳ್ಳೆಯವರಾಗಿಬಿಟ್ಟಿದ್ದರು. ಅದೇ ಕಷ್ಟ. ಒಬ್ಬಟ್ಟು ಇನ್ನೊಂದು ಹಾಕಲಾ ಅಂದರೆ “ಸಾಕಕ್ಕ, ನೀನೂ ಉಣ್ಣು” ಅನ್ನುವನು ಮಂಜುನಾಥ. ಮುಂಚೆ ತಟ್ಟೆಯಿಂದ ತಟ್ಟೆಗೆ ಕದ್ದು ತಿನ್ನುತ್ತಿದ್ದವನು. ಕುಂಬಳಕಾಯಿಯನ್ನು ಕೂಡ ಸದ್ದು ಬಾರದ ಹಾಗೆ ಒಡೆದರು.

ಊಟ ಆದ ಮೇಲೆ ಕೂತರು. ಅಡಿಗೆಮನೆಯಲ್ಲಿ ನನಗೆ ಕೆಲಸ ಇತ್ತು, ಬಿಟ್ಟು ಬಂದು ನಾನೂ ಕೂತೆ. ಶಿವಶಂಕರ್ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು.

“ನಮ್ಮ ಪುಟ್ಟರಾಜು ಇಷ್ಟು ವರ್ಷ ಹೇಳಿದ ಮಾತಿಗೆ ಗೌರವ ಕೊಟ್ಟು, ‘ಅತ್ತೆ ತಂದ ಎಮ್ಮೆ’ ಮೊದಲು ಅಂತ ಎಲ್ಲರೂ ಒಪ್ತಾ ಇದ್ದೀವಿ.”

ದ್ಯಾವಯ್ಯ ಎಲೆ ಎತ್ತಿದರು. ಮೇಷ್ಟ್ರು ಎತ್ತಿದರು. ಮಂಜುನಾಥ ಎತ್ತಿ, ಸುಣ್ಣ ಸವರಿ ಬಾಯಿಗೇ ಹಾಕಿಕೊಂಡ. ಒಂದು ಪಾಲು ನಮ್ಮವರ ಫೋಟೋ ಮುಂದೆ ಇಟ್ಟರು. ತಟ್ಟೆ ನನ್ನನ್ನು ದಾಟಿಕೊಂಡು ಗೋಡೆ ಪಕ್ಕಕ್ಕೆ ಹೋಯಿತು.

“ತಟ್ಟೆ ನನ್ನ ಮುಂದೆ ಬರ್ಲಿಲ್ಲ,” ಅಂದೆ.

ಮೂವರೂ ತಲೆ ಬಗ್ಗಿಸಿದರು. ಗಂಡ ಹೋದವಳ ಮುಂದೆ ಹಬ್ಬದ ತಾಂಬೂಲ ಹಿಡಿಯುವುದು ನಮ್ಮ ಕಡೆ ಇಲ್ಲ. ಅವರು ಬೇಕು ಅಂತ ಮಾಡಿದ್ದಲ್ಲ, ಕೈ ತಾನೇ ಹಾಗೆ ಹೋಗಿತ್ತು.

“ಅದು ಅಂಗಲ್ಲ ಕಣವ್ವ,” ಅಂದರು ದ್ಯಾವಯ್ಯ. “ಎಲೆ ತಿನ್ನಂಗಾದ್ರೆ ಆಮೇಕೆ ಒಳೀಕೆ ಕೊಡ್ತೀನಿ.”

“ತಿನ್ನೋಕಲ್ಲ. ಕೂತವ್ರೆಲ್ಲಾ ಎತ್ಬೇಕು ಅನ್ನೋದು ನಿಮ್ದೇ ಕಟ್ಲೆ ಅಲ್ವಾ? ನಾನು ಕೂತಿದ್ದೀನೋ ಇಲ್ವೋ?”

“ಕೂತಿದ್ದೀಯ.”

“ಅಂಗ್ಡಿ ಈಗ ಯಾರ್ದು?”

“ನಿಂದೇ ಕಣವ್ವ.”

“ಅಂಗಾರೆ ತಟ್ಟೆ ಇತ್ಲಾಗೆ ತನ್ನಿ.”

ದ್ಯಾವಯ್ಯ ಎದ್ದು ತಟ್ಟೆ ತಂದು ಎರಡು ಕೈಯಲ್ಲೂ ನನ್ನ ಮುಂದೆ ಹಿಡಿದರು. ನಾನು ಸೆರಗು ಹೊದ್ದುಕೊಂಡು ಎಲೆ ಮುಟ್ಟದೆ ಕೂತೆ. ಅವರ ಕೈ ನೋಯುವಷ್ಟು ಹೊತ್ತಾಯಿತು.

“ನಾನು ಎತ್ತಕಿಲ್ಲ.”

“ಯಾಕಕ್ಕ?” ಮಂಜುನಾಥ. “ನಿಮ್ಮೆಜಮಾನ್ರ ಎಮ್ಮೆಗೇ ಕೊಟ್ಟಿದ್ದೀವಲ್ಲ.”

“ಎಮ್ಮೆ ಪಿಕ್ಚರು ಚೆನ್ನಾಗಿಲ್ಲ. ಅದ್ರಾಗೆ ಆ ಅತ್ತೆ ಕರು ಬುಡ್ದೆ ಹಾಲು ಕರೀತಾಳೆ. ಕರು ಬುಡ್ದೆ ಯಾವ ಎಮ್ಮೆ ಹಾಲು ಕೊಟ್ಟದು? ಆ ಎಮ್ಮೆ ನೋಡಿಯೇ ನಂಗೆ ನಿದ್ದೆ ಬಂದಿದ್ದು.”

“ಇಷ್ಟು ವರ್ಸ ಬಡ್ಕೊಂಡಿದ್ದು ನಾನೂ ಅದನ್ನೇ,” ಅಂದ ಮಂಜುನಾಥ, ಬಾಯಿತುಂಬಾ ಎಲೆ.

“ಇವತ್ತು ಒಪ್ಕೊಂಡೋನು ನೀನೇ ಅಲ್ವೇನ್ಲಾ?” ದ್ಯಾವಯ್ಯ ಕೇಳಿದರು.

“ಸತ್ತೋನು ಅಂತ ಒಪ್ಕೊಂಡೆ.”

ಆ ಮಾತನ್ನು ಬೆಳಗಿನಿಂದ ಯಾರೂ ಆಡಿರಲಿಲ್ಲ. ಅವನು ಅಗಿಯುವುದು ನಿಲ್ಲಿಸಿದ.

“ಸತ್ತೋರಿಗೆ ಅಂತ ಕೊಟ್ರೆ ಅದು ತಿಥಿ ಎಡೆ ಆಯ್ತದೆ, ತೀರ್ಮಾನ ಆಗಕಿಲ್ಲ,” ಅಂದೆ. “ಅವರು ಇದ್ದಿದ್ರೆ ಇಂಥ ಎಲೆ ಎತ್ತೋರಾ?”

ಮೇಷ್ಟ್ರು ಕೈಯಲ್ಲಿದ್ದ ಎಲೆಯನ್ನು ಮೆಲ್ಲಗೆ ತಟ್ಟೆಗೆ ವಾಪಸು ಇಟ್ಟರು.

“ಹಾಗಾದ್ರೆ ನ್ಯಾಯವಾಗಿ ಹೇಳ್ತೀನಿ. ‘ಹಿತ್ತಲ ಬಾಗಿಲು’ ಮೊದಲು. ಪುಟ್ಟರಾಜುಗೂ ಒಳಗೊಳಗೆ ಅದೇ ಇಷ್ಟ. ಆ ಕೊನೇ ಸೀನ್ ಬಗ್ಗೆ ನನ್ನ ಹತ್ರ ಎಷ್ಟು ವಾದ ಮಾಡಿದ್ದಾನೆ ಗೊತ್ತಾ?”

“ಅವರು ಕೊನೇ ಸೀನು ನೋಡೇ ಇಲ್ಲ ಮೇಷ್ಟ್ರೇ.”

“ಏನು?”

“ತಾಯಿ ಕೆಮ್ಮಿದ ತಕ್ಷಣ ಎದ್ದು ಟೀಗೆ ಹೋದ್ರು. ಯಾರು ಸಾಯೋದನ್ನೂ ನೋಡೋಕೆ ಆಗ್ತಿರ್ಲಿಲ್ಲ ಅವ್ರಿಗೆ. ಅದಕ್ಕೇ ಆ ಎಮ್ಮೆ ಹಿಡ್ಕೊಂಡಿದ್ದು. ಒಂದ್ ವರ್ಸ ನೀವು ಹೇಳಿದ್ದನ್ನ ಇನ್ನೊಂದ್ ವರ್ಸ ತಿರುಗ್ಸಿ ನಿಮಗೇ ಹೇಳೋರು.”

ಮೇಷ್ಟ್ರು ಕನ್ನಡಕ ತೆಗೆದರು. ಒರೆಸುವುದನ್ನು ಮರೆತರು.

“ನನ್ನ ಮಾತಿನ ಮೇಲೇ ನನ್ನನ್ನ ಸೋಲಿಸಿದ್ನಾ?”

ಮಂಜುನಾಥನಿಗೆ ನಗು ತಡೆಯಲಾಗಲಿಲ್ಲ. ಎಲೆರಸವೆಲ್ಲ ಹೂವು ಮುಡಿಸಿದ್ದ ಟೈರಿನ ಮೇಲೆ ಹಾರಿತು.

“ಕಳ್ ನನ್ಮಗ,” ಅಂದ ಫೋಟೋ ನೋಡಿಕೊಂಡು. “ಪುಟ್ಟ, ಎಂಥ ಕಳ್ ನನ್ಮಗನ್ಲಾ ನೀನು.”

ನನ್ನ ಹೊಟ್ಟೆ ತಣ್ಣಗಾಯಿತು.

“ನೋಡ್ದೆ ಇರೋನ ಓಟು ಲೆಕ್ಕಕ್ಕಿಲ್ಲ,” ಮೇಷ್ಟ್ರು ಬಿಸಿಯಾದರು. “ಇಷ್ಟು ವರ್ಷದ್ದೂ ರದ್ದು.”

“ಸುಮ್ಕಿರಿ ಮೇಷ್ಟ್ರೇ,” ಅಂದರು ದ್ಯಾವಯ್ಯ. ತಮ್ಮ ಎಲೆಯನ್ನೂ ತಟ್ಟೆಗೆ ಹಾಕಿದರು. “ಈಗ ನಂಗೆ ಅವನ ಮಾತು ಸರಿ ಅನ್ನುಸ್ತದೆ. ಸಾಯ್ಸೋಕೇನು, ಯಾರ್ ಬೇಕಾದ್ರೂ ಸಾಯ್ಸ್ತಾರೆ. ಎರಡೂವರೆ ಗಂಟೆ ಒಬ್ರನ್ನೂ ಸಾಯಿಸ್ದೆ ಜನಾನ ಕೂರ್ಸೋದು ಕಷ್ಟ. ಇನ್ಮೇಕೆ ನಾನು ಎಮ್ಮೆ ಕಡೆ.”

“ಜನ ಎಲ್ಲಿ ಕೂತಿದ್ರು? ಸೋಮವಾರಕ್ಕೇ ಎತ್ಕೊಂಡು ಹೋದ್ರಲ್ಲ. ನೀವು ನೋಡಿದ್ದೀರಾ ಅದನ್ನ?” ಅಂದರು ಮೇಷ್ಟ್ರು.

“ಇಲ್ಲ. ನೋಡ್ದೆ ವಾದ ಮಾಡ್ಬೋದು ಅಂತ ಪುಟ್ಟನೇ ತೋರ್ಸ್ಕೊಟ್ಟವ್ನಲ್ಲ.”

ಆಮೇಲೆ ಮೂವರೂ ಒಟ್ಟಿಗೆ ಮಾತಾಡಿದರು. ನಡುವೆ ನಾನೂ ಆಡಿದೆ. ‘ಹದಿನಾರು ಚಕ್ರ’ದಲ್ಲಿ ಲಾರಿ ಟೈರು ಪಂಚರ್ ಆದ ಹಾಗೆ ತೋರಿಸಿ ಹೀರೋ ಒಂದೇ ಏಟಿಗೆ ನಟ್ಟು ಬಿಚ್ಚುತ್ತಾನೆ, ಅದು ಸುಳ್ಳು ಅಂದೆ. ಮಂಜುನಾಥ ನನ್ನ ಮೇಲೆ ತಿರುಗಿಬಿದ್ದ. ಅಕ್ಕ ಅನ್ನುವುದನ್ನೂ ಮರೆತ. ರಸ್ತೆಯಲ್ಲಿ ಹೋಗುವ ಬೈಕಿನವರು ನಿಧಾನ ಮಾಡಿ ನೋಡಿಕೊಂಡು ಹೋದರು.

ಹೊರಡುವಾಗ ಒಂದು ತೊಡಕು ಬಂತು. ಇಬ್ಬರ ಎಲೆ ತಟ್ಟೆಗೆ ವಾಪಸು ಬಂದಿತ್ತು. ಮಂಜುನಾಥನದು ಹೊಟ್ಟೆಗೆ ಹೋಗಿತ್ತು.

“ಅವ್ನು ಒಪ್ದಂಗೇ ಲೆಕ್ಕ,” ಅಂದರು ದ್ಯಾವಯ್ಯ. “ಎಮ್ಮೆ ಕಡೆ ಇಬ್ರಾದೋ.”

“ಅರ್ಧ ಟೈರ್ ಮೇಲೆ ಹೋಗ್ಯದೆ, ನೋಡ್ಕೊಳ್ಳಿ,” ಅಂದ ಮಂಜುನಾಥ. “ಬರೋ ವರ್ಸ ಇತ್ಯರ್ಥ ಮಾಡಾನ.” ಗಾಡಿ ಹತ್ತಿದವನು ಇಳಿದು ಬಂದು, ಮಿಕ್ಕಿದ್ದ ಒಬ್ಬಟ್ಟನ್ನೆಲ್ಲ ಕೇಳದೆ ಕಟ್ಟಿಕೊಂಡು ಹೋದ.

ಟೈರು ಒರೆಸಿದೆ. ತಟ್ಟೆಯಲ್ಲಿದ್ದ ಎಲೆಗೂ ಫೋಟೋ ಮುಂದಿನ ಎಲೆಗೂ ಒದ್ದೆ ಬಟ್ಟೆ ಸುತ್ತಿಟ್ಟೆ. ಮಾರನೆಯ ದಿನ ಬೈಕಿನವನೊಬ್ಬ ಬಂದ. ಟ್ಯೂಬು ನೀರಿಗೆ ಅದ್ದಿಟ್ಟು ಒದ್ದೆ ಬಟ್ಟೆ ಬಿಚ್ಚಿದೆ. ನಮ್ಮವರ ಪಾಲಿನ ಎಲೆ ಅಂಚು ಬಾಡಿತ್ತು, ಬಾಯಿಗೆ ಹಾಕಿಕೊಂಡೆ. ಒಪ್ಪಿಕೊಂಡಿದ್ದಲ್ಲ. ಎಲೆ ದಂಡವಾಗಬಾರದು ಅಂತ.